ನಮ್ಮ ಮನೆಗೆ ಬಂದ ಮಡಿಸುವ ಚಾಕು

ನಾನು ಆಯುಧಗಳ ವಿಷಯವಾಗಿ ಎಂದಾದರೂ ಬರೆಯುವೆನೆಂದು ಎಣಿಸಿರಲಿಲ್ಲ. ಹಿತ್ತಲಿನಲ್ಲಿ ಬಾಳೆಯೆಲೆ ಕೊಯ್ಯುವುದಕ್ಕಿಂತ ಹೆಚ್ಚಿನ ಪರಾಕ್ರಮವನ್ನು ಈ ಕೈಗಳು ತೋರಿಸಿದುದಿಲ್ಲ. ಆದರೆ ಕಳೆದ ವರ್ಷ ಅಮೆರಿಕದಲ್ಲಿರುವ ನನ್ನ ತಂಗಿಯ ಮಗನು ರಜೆಯಲ್ಲಿ ಮೈಸೂರಿಗೆ ಬಂದಾಗ ಒಂದು ಚಾಕುವನ್ನು ತಂದುಕೊಟ್ಟನು. ಅದರಿಂದ ನಮ್ಮ ಮನೆಯಲ್ಲಿ ನಡೆದ ಸಂಗತಿಗಳು ಗೃಹಸ್ಥರಾದ ವಾಚಕರಿಗೆ ಕೆಲಮಟ್ಟಿಗೆ ಉಪಯೋಗವಾದಾವೆಂದು ತೋರಿ ಈ ಲೇಖನವನ್ನು ಬರೆಯುತ್ತಿರುವೆನು.

ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇಬ್ಬರೇ. ಮಕ್ಕಳು ಪರಊರುಗಳಲ್ಲಿರುವರು. ನಮ್ಮ ಬೀದಿಯಲ್ಲಿ, ಎರಡು ಮನೆಗಳಾಚೆ, ಒಂದು ರಾತ್ರಿ ಕಳ್ಳರು ನುಗ್ಗಿದ್ದರು. ಆ ಸುದ್ದಿಯು ಹುಡುಗನ ಕಿವಿಗೆ ಬಿದ್ದಿತ್ತು. ಅವನು ಪೆಟ್ಟಿಗೆಯಿಂದ ಆ ಚಾಕುವನ್ನು ತೆಗೆದು ನನ್ನ ಕೈಯಲ್ಲಿಟ್ಟು, "ಮಾವ, ಇದು ಸ್ವರಕ್ಷಣೆಗೆಂದೇ ಮಾಡಿದ್ದು. ಹಾಗೆಂದು ಸುಮ್ಮನೆ ಇಟ್ಟುಕೊಳ್ಳಬೇಕಾಗಿಲ್ಲ. ದಿನದ ಕೆಲಸಕ್ಕೂ ಆಗುತ್ತದೆ. ಒಂದೇ ಚಾಕು, ಎರಡು ಪ್ರಯೋಜನ" ಎಂದನು. ನನ್ನ ಹೆಂಡತಿ ಅದನ್ನು ತಿರುಗಿಸಿ ನೋಡಿ, "ಕಳ್ಳನ ಮಾತು ಹಾಗಿರಲಿ, ಮೊದಲು ಹುರುಳಿಕಾಯಿ ಹೆಚ್ಚಲಿ, ನೋಡೋಣ" ಎಂದಳು.

ಚಾಕುವಿನ ವರ್ಣನೆಯನ್ನು ಸ್ವಲ್ಪ ಹೇಳಬೇಕು. ಅಲಗು ಮೂರೂವರೆ ಅಂಗುಲ ಉದ್ದ. ಹೊಳೆಯದಂತೆ ಕಪ್ಪುಬಣ್ಣ ಕೊಟ್ಟದ್ದು. ಅಲಗಿನ ಬೆನ್ನು ಸುಮಾರು ನಾಲ್ಕು ಮಿಲಿಮೀಟರು ದಪ್ಪ. ತುದಿ ಉಳಿಯಂತೆ ಕೋನವಾಗಿ ಚೂಪಾಗಿದ್ದಿತು. ಬುಡದ ಕಡೆ ಅಂಗುಲದಷ್ಟು ಭಾಗಕ್ಕೆ ಗರಗಸದ ಹಲ್ಲುಗಳು. ಹೆಬ್ಬೆರಳಿನಿಂದ ತಳ್ಳಿದರೆ ಒಂದೇ ಕೈಯಲ್ಲಿ ತೆರೆದುಕೊಳ್ಳುವಂತೆ ಒಂದು ಗುಬುಟು. ತೆರೆದಾಗ ಹಿಡಿಯೊಳಗಿನ ತೆಳ್ಳನೆಯ ತಗಡೊಂದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಒರಗಿ ನಿಲ್ಲುವುದು. ಅದೇ ಅದರ ಬೀಗ. ಜೇಬಿನ ಅಂಚಿಗೆ ಸಿಕ್ಕಿಸಲು ಒಂದು ಕೊಕ್ಕೆ. ಒಟ್ಟಿನಲ್ಲಿ ಕೈಗೆ ತೂಕವಾಗಿ, ಮನಸ್ಸಿಗೆ ಏನೋ ಧೈರ್ಯ ಕೊಡುವಂತಹ ವಸ್ತು. ಆ ಧೈರ್ಯದ ವಿಷಯವನ್ನು ಮುಂದೆ ಹೇಳುವೆನು.

ಹೆಂಡತಿಯ ಮಾತಿನಂತೆ ಪರೀಕ್ಷೆಯು ಅಡಿಗೆಮನೆಯಲ್ಲಿ ಆರಂಭವಾಯಿತು. ಸೀಬೆಯ ಹಣ್ಣನ್ನು ಕೊಯ್ಯಹೋದೆನು. ಅಂಚು ಹರಿತವಾಗಿಯೇ ಇದ್ದಿತು. ಕಾಲಂಗುಲ ಒಳಕ್ಕೆ ಹೋಗುತ್ತಲೂ ಹಣ್ಣು ಹೋಳಾಗುವ ಬದಲು ಚಟ್ಟನೆ ಸೀಳಿತು. ಬದನೆಯ ಕಾಯಿಯೂ ಹಾಗೆಯೇ. ಬೂದುಗುಂಬಳವಂತೂ ಅರ್ಧಕ್ಕೆ ಬಂದಾಗ ಅಲಗನ್ನು ಕಚ್ಚಿಕೊಂಡು ಬಿಡಲೇ ಇಲ್ಲ. ಹುರುಳಿಕಾಯಿಯನ್ನು ಹೆಚ್ಚುವುದಕ್ಕೆ ಮಣೆಯ ಮೇಲಿಟ್ಟರೆ, ಚಾಕುವಿನ ಹಿಡಿಯೂ ಅಲಗೂ ಒಂದೇ ನೇರದಲ್ಲಿರುವುದರಿಂದ, ನನ್ನ ಬೆರಳ ಗೆಣ್ಣುಗಳು ಮಣೆಗೆ ತಾಗಿದುವು. ಅಷ್ಟರಲ್ಲಿ ನನ್ನ ಹೆಂಡತಿ ಈಳಿಗೆಮಣೆಯ ಮುಂದೆ ಕುಳಿತು, ನಾನು ಹತ್ತು ಕಾಯಿ ಹೆಚ್ಚುವುದರೊಳಗಾಗಿ, ಒಂದು ಬೋಗುಣಿ ತುಂಬ ಹೆಚ್ಚಿ ಮುಗಿಸಿದ್ದಳು.

ನ್ಯಾಯವಾಗಿ ಹೇಳಬೇಕಾದರೆ, ಕೆಲವು ಕೆಲಸಗಳಲ್ಲಿ ಅದು ಗೆದ್ದಿತು. ತೆಂಗಿನ ನಾರಿನ ಹಗ್ಗ, ನೈಲಾನ್ ಹುರಿ, ಗೋಣಿಚೀಲದ ಹೊಲಿಗೆ, ಅಂಚೆಯಲ್ಲಿ ಬಂದ ರಟ್ಟಿನ ಪೆಟ್ಟಿಗೆ, ಇವುಗಳನ್ನು ಅದರ ಹಲ್ಲುಗಳು ಸಲೀಸಾಗಿ ಕತ್ತರಿಸಿದುವು. ಆದರೆ ಹಳೆಯ ಪಂಚೆಯನ್ನು ಒರಸುವ ಬಟ್ಟೆಗಾಗಿ ಕೊಯ್ಯುವಾಗ ಅವೇ ಹಲ್ಲುಗಳು ನೂಲಿಗೆ ಸಿಕ್ಕಿಕೊಂಡು ಬಟ್ಟೆಯನ್ನು ಹರಿದುಹಾಕಿದುವು.

ಕಾರಣವನ್ನು ನನಗೆ ತಿಳಿಸಿಕೊಟ್ಟವನು ನಮ್ಮ ಬೀದಿಗೆ ಆಗಾಗ ಬರುವ ಸಾಣೆ ಹಿಡಿಯುವವನು. ಸೈಕಲ್ಲಿನ ಮೇಲೆ ಚಕ್ರವನ್ನು ಕಟ್ಟಿಕೊಂಡು ಬರುವ ಆತನು ಚಾಕುವನ್ನು ಬಿಸಿಲಿಗೆ ಹಿಡಿದು ನೋಡಿ ಹೇಳಿದನು: "ಸ್ವಾಮಿ, ಈ ಹಲ್ಲುಗಳಿಗೆ ನನ್ನ ಚಕ್ರ ಕೂರುವುದಿಲ್ಲ. ಉಳಿದ ಅಂಚಿಗೆ ಸಾಣೆ ಹಿಡಿಯಬಲ್ಲೆ. ಆದರೆ ಎಷ್ಟು ಹಿಡಿದರೂ ಇದರ ಹೆಗಲು ದಪ್ಪ. ಅಂಚು ಒಳಗೆ ಹೋದೀತು, ಹೆಗಲು ಹೊರಗೇ ನಿಂತೀತು." ಇದಕ್ಕಿಂತ ಸ್ಪಷ್ಟವಾಗಿ ಯಾವ ಶಾಸ್ತ್ರಜ್ಞನೂ ಹೇಳಲಾರನು. ಕೊಯ್ಯುವುದೆಂದರೆ ಅಂಚು ದಾರಿ ಮಾಡುವುದು ಮಾತ್ರವಲ್ಲ; ಅದರ ಹಿಂದಿನ ಲೋಹವೆಲ್ಲ ಆ ದಾರಿಯಲ್ಲಿ ನುಸುಳಬೇಕು. ಅಲಗು ಅಂಚಿನಿಂದ ಬೆನ್ನಿನವರೆಗೆ ನಿಧಾನವಾಗಿ ದಪ್ಪವಾದರೆ ಕೊಯ್ತ. ತಟ್ಟನೆ ದಪ್ಪವಾದರೆ ಸೌದೆ ಸೀಳುವ ಬೆಣೆ. ಸ್ವರಕ್ಷಣೆಯ ಚಾಕುವನ್ನು ಮಾಡುವವನ ಚಿಂತೆಯೇ ಬೇರೆ. ಇರಿದಾಗಲೂ ತಿರುಚಿದಾಗಲೂ ತುದಿ ಮುರಿಯಬಾರದೆಂದು ಅವನು ದಪ್ಪವನ್ನು ಬಿಡುತ್ತಾನೆ. ನಾವು ಆ ಬಲವನ್ನು ಸೀಬೆಯ ಹಣ್ಣಿನ ಮೇಲೆ ವೆಚ್ಚಮಾಡುತ್ತೇವೆ.

ಇದಾದ ವಾರದಲ್ಲಿಯೇ ಒಂದು ಅಪಾಯವೂ ಆಯಿತು. ತೆಂಗಿನಕಾಯಿಯ ಕಣ್ಣಿಗೆ ಚಾಕುವಿನ ತುದಿಯನ್ನು ಒತ್ತಿ ತಿರುಚಿದೆನು. ಹಾಗೆ ತಿರುಚಿದ ರಭಸಕ್ಕೆ ಒಳಗಿನ ತಗಡು ಜಾರಿತು. ಅಲಗು ಮಡಿಸಿಕೊಂಡು ನನ್ನ ತೋರುಬೆರಳಿನ ಮೇಲೆ ಬಂದಿತು. ನಾಲ್ಕು ಹೊಲಿಗೆಗಳು ಬಿದ್ದುವು. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುವೆನು. ಮಡಿಸುವ ಚಾಕು ಯಾವುದೇ ಆಗಲಿ, ಅದು ಮಧ್ಯದಲ್ಲಿ ಕೀಲುಳ್ಳದ್ದು. ಒತ್ತಿ ಚುಚ್ಚುವ ಕೆಲಸಕ್ಕೆ ಕೀಲಿಲ್ಲದ ಗಟ್ಟಿ ಚಾಕುವೇ ಬೇಕು. ಇದರ ಬೀಗವನ್ನು ಬಿಡಿಸುವಾಗಲಂತೂ ಹೆಬ್ಬೆರಳನ್ನು ಅಲಗು ಬರುವ ದಾರಿಯಲ್ಲಿಯೇ ಇಡಬೇಕು. ಅಭ್ಯಾಸವಿಲ್ಲದ ಮುದುಕನ ಕೈಗೆ ಇದು ತಕ್ಕುದಲ್ಲ.

ಹಾಗಾದರೆ ಮಡಿಸುವ ಚಾಕುವೇ ಕೂಡದೆಂದು ನಾನು ಹೇಳುವುದಿಲ್ಲ. ಬೆರಳಿಗೆ ಕಟ್ಟು ಹಾಕಿಕೊಂಡು ಕುಳಿತ ದಿನಗಳಲ್ಲಿ ಈ ವಿಷಯವನ್ನು ಕೊಂಚ ಓದಿ ತಿಳಿದುಕೊಂಡೆನು. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ ಎಂಬಾತನು 1890ರಲ್ಲಿ ರೈತರಿಗಾಗಿ ಮರದ ಹಿಡಿಯ ಮಡಿಸುವ ಚಾಕುವನ್ನು ಮಾಡಿದನು. 1955ರಲ್ಲಿ ಅದಕ್ಕೆ ಹಿಡಿಯ ಕತ್ತಿನಲ್ಲಿ ತಿರುಗಿಸುವ ಉಂಗುರದ ಬೀಗ ಬಂದಿತು. ಅದರ ಅಲಗಿನ ದಪ್ಪ ಎರಡು ಮಿಲಿಮೀಟರಿಗೂ ಕಡಿಮೆ. ಜಪಾನಿನಲ್ಲಿ ಹಿಗೊನೊಕಾಮಿ ಎಂಬ ಬೀಗವಿಲ್ಲದ ಸಣ್ಣ ಚಾಕುವಿನಿಂದ ಶಾಲೆಯ ಮಕ್ಕಳು ಸೀಸದಕಡ್ಡಿಗಳನ್ನು ಚೂಪುಮಾಡಿಕೊಳ್ಳುತ್ತಿದ್ದರು. ಇವು ಕೆಲಸದ ಚಾಕುಗಳು, ಇವುಗಳಿಗೆ ಶಬ್ದವಿಲ್ಲ. ಇವಕ್ಕೆ ಎದುರಾಗಿ, ಸ್ಪೆಯಿನಿನ ಆಲ್ಬಸೇಟೆಯಲ್ಲಿ ಮಾಡುವ ನವಾಹಾ ಎಂಬ ದೊಡ್ಡ ಚಾಕು ತೆರೆಯುವಾಗ ಹಲ್ಲುಚಕ್ರದಿಂದ ಕಟಕಟನೆ ಸದ್ದು ಮಾಡುವುದುಂಟು. ನಮ್ಮ ಉತ್ತರಪ್ರದೇಶದ ರಾಮಪುರದ ಚಾಕುವಿನ 'ಖಟ್' ಎಂಬ ಸದ್ದನ್ನು ಹಿಂದಿ ಚಲಚ್ಚಿತ್ರಗಳನ್ನು ನೋಡಿದವರೆಲ್ಲರೂ ಬಲ್ಲರು. ಎದುರಾಳಿಯ ಎದೆಯನ್ನು ನಡುಗಿಸುವ ಸದ್ದಿಗೆ ಅಡಿಗೆಮನೆಯಲ್ಲಿ ಏನು ಕೆಲಸ?

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನಮ್ಮ ಜನರು ಮಹಾನವಮಿಯ ದಿನ ಖಡ್ಗವನ್ನೂ ನೇಗಿಲನ್ನೂ ಈಳಿಗೆಮಣೆಯನ್ನೂ 'ಆಯುಧ'ವೆಂಬ ಒಂದೇ ಹೆಸರಿನಿಂದ ಪೂಜಿಸುವರಲ್ಲವೇ? 'ಕತ್ತಿ' ಎಂಬ ಮಾತೂ ಹಾಗೆಯೇ. ಮೈಸೂರಿನ ಕಡೆ ಕತ್ತಿಯೆಂದರೆ ಯೋಧನ ಕೈಯಲ್ಲಿರುವುದು. ಕರಾವಳಿಯಲ್ಲಿ ಸೊಪ್ಪುಸೌದೆ ಕಡಿಯುವುದು. ಮಲೆನಾಡಿನಲ್ಲಿ ಮೆಟ್ಟುಗತ್ತಿಯು ಪಲ್ಯಕ್ಕೆ ಹೆಚ್ಚುವುದು. ಹೆಸರು ಒಂದಾದರೂ ನಮ್ಮ ಹಿರಿಯರು ವಸ್ತುಗಳನ್ನು ಬೇರೆಬೇರೆಯಾಗಿಯೇ ಇಟ್ಟರು. ಕೊಡಗಿನವರು ಸೊಂಟಕ್ಕೆ ಪೀಚೆಕತ್ತಿಯನ್ನು ಕಟ್ಟುವುದು ವಿಶೇಷ ದಿನಗಳ ಉಡುಪಿನೊಡನೆ. ಒಡಿಕತ್ತಿಯಿಂದ ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವುದು ಗೌರವದ ವಿಧಿ. ಅವುಗಳಿಂದ ದಿನವೂ ಈರುಳ್ಳಿ ಹೆಚ್ಚುವವರನ್ನು ನಾನು ಕಂಡಿಲ್ಲ.

ಇನ್ನು ನಾನು ಹೇಳಲು ಸಂಕೋಚಪಡುವ ಸಂಗತಿ. ಅಡಿಗೆಗೆ ಬಾರದ ಚಾಕುವನ್ನು ನಾನು ಅದರ ಮೊದಲನೆಯ ಉದ್ದೇಶಕ್ಕೇ ಮೀಸಲಿಟ್ಟು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗತೊಡಗಿದೆನು. ಭಾದ್ರಪದದ ಒಂದು ರಾತ್ರಿ, ಎರಡು ಗಂಟೆಯ ಸಮಯ, ಜಿನುಗುಮಳೆ. ಹಿತ್ತಲ ಬಾಗಿಲ ಅಗುಳಿಯನ್ನು ಯಾರೋ ಅಲುಗಿಸಿದಂತಾಯಿತು. ಹಿಂದೆಯಾಗಿದ್ದರೆ ನಾನು ಮೊದಲು ದೀಪ ಹಾಕುತ್ತಿದ್ದೆನು, ಬಳಿಕ "ಯಾರದು?" ಎಂದು ಕೂಗುತ್ತಿದ್ದೆನು, ಆಮೇಲೆ ಕಿಟಕಿಯಿಂದ ನೋಡುತ್ತಿದ್ದೆನು. ಆ ರಾತ್ರಿ ಈ ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಕೈಯಲ್ಲಿ ಚಾಕು ಇದ್ದಿತು. ಕತ್ತಲೆಯಲ್ಲಿಯೇ ಹೋಗಿ, ಅಲಗನ್ನು ತೆರೆದು, ಬಾಗಿಲನ್ನು ತಟ್ಟನೆ ತೆಗೆದೆನು. ಎದುರಿಗೆ ನಿಂತಿದ್ದ ಆಕೃತಿಯೊಂದು ನನ್ನ ಕಡೆಗೆ ಕೈ ಚಾಚಿತು. ನನ್ನ ಕೈಯೂ ಮೇಲೆದ್ದಿತು.

ಅಷ್ಟರಲ್ಲಿ ನನ್ನ ಹೆಂಡತಿ ಹಿಂದಿನಿಂದ ದೀಪ ಹಾಕಿದಳು. ನಿಂತಿದ್ದವರು ಪಕ್ಕದ ಮನೆಯ ಮೇಷ್ಟರು. ಎಂಬತ್ತು ದಾಟಿದ ಮುದುಕರು. ಎರಡು ವರ್ಷಗಳಿಂದ ಅವರಿಗೆ ಮರೆವಿನ ಕಾಯಿಲೆ. ತಮ್ಮ ಮನೆಯೆಂದೇ ತಿಳಿದು ನಮ್ಮ ಬಾಗಿಲಿಗೆ ಬಂದಿದ್ದರು. ಒದ್ದೆಯಾದ ಪಂಚೆಯಲ್ಲಿ ನಡುಗುತ್ತ, ನನ್ನ ಕೈಯನ್ನು ನೋಡಿ, "ಏನು ರಾಯರೇ, ಹಣ್ಣು ಹೆಚ್ಚುತ್ತಿದ್ದೀರೋ?" ಎಂದು ಕೇಳಿದರು.

ನನಗೆ ಉತ್ತರ ಹೊರಡಲಿಲ್ಲ. ನನ್ನ ಹೆಂಡತಿಯೇ "ಹೌದು ಮೇಷ್ಟ್ರೇ, ಒಳಗೆ ಬನ್ನಿ" ಎಂದು ಅವರನ್ನು ಕೂರಿಸಿ, ತಲೆ ಒರಸಲು ಟವಲು ಕೊಟ್ಟು, ಅವರ ಸೊಸೆಗೆ ದೂರವಾಣಿ ಮಾಡಿದಳು. ಮಾತು ಕೊಟ್ಟ ಮೇಲೆ ಹಣ್ಣನ್ನು ಕೊಡಬೇಕಾಯಿತು. ನಡುಗುವ ಕೈಯಿಂದ ಅದೇ ಚಾಕುವಿನಿಂದಲೇ ಸೀಬೆಯ ಹಣ್ಣನ್ನು ಕೊಯ್ದೆನು; ಎಂದಿನಂತೆ ಅಡ್ಡಾದಿಡ್ಡಿ ಸೀಳಿತು. ಮೇಷ್ಟರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, "ಚಾಕು ಮೊಂಡಾಗಿದೆ, ಸಾಣೆ ಹಿಡಿಸಿ" ಎಂದರು. ಅವರನ್ನು ಸೊಸೆಯು ಕರೆದುಕೊಂಡು ಹೋದ ಮೇಲೆ ನಾವಿಬ್ಬರೂ ಬೆಳಗಾಗುವವರೆಗೆ ಮಲಗಲಿಲ್ಲ. ಹೆಚ್ಚು ಮಾತನ್ನೂ ಆಡಲಿಲ್ಲ.

ಕಾನೂನಿನ ಮಾತನ್ನೂ ಗೃಹಸ್ಥರು ತಿಳಿದಿರುವುದು ಒಳ್ಳೆಯದು. 1959ರ ಶಸ್ತ್ರಾಸ್ತ್ರ ಕಾಯಿದೆಗೆ ಸಂಬಂಧಿಸಿದ ನಿಯಮಗಳಲ್ಲಿ ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳನ್ನು, ಗೃಹಕೃತ್ಯ, ಬೇಸಾಯ ಮೊದಲಾದವುಗಳಿಗಾಗಿ ಮಾಡಿದವನ್ನು ಬಿಟ್ಟು, ಆಯುಧಗಳೆಂದು ಎಣಿಸಿದೆ. ಸರಕಾರವು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಅವಕ್ಕೆ ಪರವಾನಗಿ ಬೇಕು. ನನ್ನ ಚಾಕು ಆ ಅಳತೆಗೆ ಬರುವುದಿಲ್ಲ. ಆದರೆ ಆತ್ಮರಕ್ಷಣೆಯ ಹಕ್ಕಿಗೆ ಇನ್ನೊಂದು ಅಳತೆಯುಂಟು. 1860ರ ಹಳೆಯ ದಂಡಸಂಹಿತೆಯಲ್ಲಿಯೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 34ರಿಂದ 44ರವರೆಗಿನ ವಿಧಿಗಳಲ್ಲಿಯೂ ಆ ಹಕ್ಕನ್ನು ಒಪ್ಪಿದೆ; ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವಂತಿಲ್ಲ. ಕತ್ತಲೆಯಲ್ಲಿ ಎತ್ತಿದ ಕೈಗೆ ಈ ಅಳತೆ ಹೇಗೆ ತಿಳಿದೀತು?

ಇಷ್ಟರಿಂದ ನಾನು ಕಂಡುಕೊಂಡುದು ಇದು. ಸ್ವರಕ್ಷಣೆಯ ಮಡಿಸುವ ಚಾಕು ಹಗ್ಗವನ್ನೂ ರಟ್ಟನ್ನೂ ಕತ್ತರಿಸೀತು. ಹೆಚ್ಚುವ, ಸುಲಿಯುವ, ನಯವಾಗಿ ಕೊಯ್ಯುವ ನಿತ್ಯದ ಕೆಲಸಕ್ಕೆ ಅದು ಹೊಂದದು. ಒಂದು ವಸ್ತುವಿನಿಂದ ಎರಡು ಪ್ರಯೋಜನವೆಂಬ ಆಸೆಯಿಂದ ಕೊಂಡವನಿಗೆ ಒಂದು ಪ್ರಯೋಜನವೂ ಸರಿಯಾಗಿ ದೊರೆಯುವುದಿಲ್ಲ. ಅಷ್ಟೇ ಅಲ್ಲ, ಕೆಲಸದ ಚಾಕು ಕೈಗೆ ಬಂದರೆ ಕೆಲಸ ನೆನಪಾಗುವುದು, ಹೆದರಿಕೆಗಾಗಿ ಮಾಡಿದ ಚಾಕು ಕೈಗೆ ಬಂದರೆ ಹೆದರಿಕೆಯೇ ನೆನಪಾಗುವುದು. ಅದು ಕೊಡುವ ಧೈರ್ಯವು ದೀಪ ಹಾಕುವ ಬುದ್ಧಿಯನ್ನು ಕಿತ್ತುಕೊಂಡಿತೆಂಬುದನ್ನು ನಾನು ಎಂದಿಗೂ ಮರೆಯಲಾರೆನು.

ಮಾರನೆಯ ದಿನವೇ ಹಿಂದುಮುಂದಿನ ಬಾಗಿಲುಗಳಿಗೆ ದೊಡ್ಡ ಅಗುಳಿಗಳನ್ನು ಹಾಕಿಸಿದೆನು. ಹಿತ್ತಲಿಗೊಂದು ದೀಪ, ಹಾಸಿಗೆಯ ಪಕ್ಕದಲ್ಲೊಂದು ಟಾರ್ಚು. ಮೇಷ್ಟರ ಮನೆಯವರ ಸಂಖ್ಯೆಯನ್ನೂ ತುರ್ತುಸಹಾಯದ 112ನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಹಣ್ಣಿಗೆಂದು ತೆಳ್ಳನೆಯ ಅಲಗಿನ ಒಂದು ಸಾಧಾರಣ ಚಾಕುವನ್ನು ಪೇಟೆಯಿಂದ ತಂದೆನು.

ಆಯುಧಪೂಜೆಯ ದಿನ ನನ್ನ ಹೆಂಡತಿ ಈಳಿಗೆಮಣೆ, ತುರಿಯುವ ಮಣೆ, ಕತ್ತರಿ, ಹೊಸ ಚಾಕು ಎಲ್ಲವನ್ನೂ ತೊಳೆದು ಕುಂಕುಮವಿಟ್ಟು ಸಾಲಾಗಿ ಜೋಡಿಸಿದಳು. ಹುಡುಗನು ಕೊಟ್ಟ ಚಾಕುವನ್ನೂ ತರಲೇ ಎಂದು ಕೇಳಿದೆನು. ಅವಳು ಸ್ವಲ್ಪ ಯೋಚಿಸಿ, "ತನ್ನಿ. ಹಗ್ಗ ಕತ್ತರಿಸುತ್ತದಲ್ಲ" ಎಂದು, ಅದಕ್ಕೂ ಒಂದು ಬೊಟ್ಟು ಇಟ್ಟಳು. ಈಗ ಅದು ಉಗ್ರಾಣದ ಮೊಳೆಯಲ್ಲಿ, ಗೋಣಿಚೀಲಗಳ ಪಕ್ಕದಲ್ಲಿ ತೂಗುತ್ತಿದೆ. ಮೇಷ್ಟರು ಸಂಜೆ ಸೊಸೆಯ ಕೈಹಿಡಿದು ಬಂದಾಗ ಹೊಸ ಚಾಕುವಿನಿಂದ ಅವರಿಗೆ ಸೀಬೆಯ ಹಣ್ಣನ್ನು ಹೆಚ್ಚಿಕೊಡುವೆನು. ಹೋಳುಗಳು ತೆಳ್ಳಗೆ ಬೀಳುತ್ತವೆ.