ಅಣ್ಣಾವ್ರು ಇಳಿದರು, ಅಪ್ಪು ಇಳಿದರು... ನಾವು ಹಾರ್ತೀವಿ!

'ಒಂದು ಮುತ್ತಿನ ಕಥೆ' ನೋಡಿದೀರಾ? 1987ರ ಚಿತ್ರ. ಟಿ.ವಿ.ಯಲ್ಲೋ ಫೋನಿನಲ್ಲೋ ನೋಡೇ ಇರ್ತೀರಿ ಬಿಡಿ! ಶಂಕರ್‌ನಾಗ್ ನಿರ್ದೇಶನ. ಮುತ್ತಿಗಾಗಿ ಕಡಲ ತಳಕ್ಕೆ ಮುಳುಗುವ ಬಡವನ ಪಾತ್ರದಲ್ಲಿ ವರನಟ ಡಾ. ರಾಜ್. ಐವತ್ತೈದು ದಾಟಿದ ವಯಸ್ಸು ಅವರದು! ನೀರಿನಡಿಯ ದೃಶ್ಯಗಳಿಗಾಗಿ ತಂಡ ಮಾಲ್ಡೀವ್ಸ್‌ವರೆಗೆ ಹೋಗಿತ್ತು. ಕಥೆಯ ಮೂಲ ಅಮೆರಿಕದ ಸ್ಟೀನ್‌ಬೆಕ್ ಬರೆದ 'ದಿ ಪರ್ಲ್'. ಉಪ್ಪುನೀರು ಕುಡಿದವರು ಮಾತ್ರ ನಮ್ಮವರು!

ಮೂವತ್ತೈದು ವರ್ಷ ಕಳೆದು, 2022ರ ಅಕ್ಟೋಬರ್ 28ರಂದು ಅಮೋಘವರ್ಷ ನಿರ್ದೇಶನದ 'ಗಂಧದ ಗುಡಿ' ಬಂತು. ಪುನೀತ್ ನಮ್ಮನ್ನಗಲಿ ವರ್ಷ ತುಂಬಲು ಒಂದೇ ದಿನ ಬಾಕಿ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಅಪ್ಪು ನೇತ್ರಾಣಿಯ ಕಡಲಿಗೆ ಇಳಿದಾಗ, ನಾನು ಕೂತಿದ್ದ ಥಿಯೇಟರಿನಲ್ಲಿ ಶಿಳ್ಳೆ ಹೊಡೆಯೋ ಹುಡುಗರೂ ತೆಪ್ಪಗಾದರು. ಡೈಲಾಗ್ ಇಲ್ಲ, ಫೈಟ್ ಇಲ್ಲ... ಬರೀ ನೀರು, ಉಸಿರಿನ ಗುಳ್ಳೆ! ನಾನೂ ಒಮ್ಮೆ ಹಾಗೆ ಇಳೀಬೇಕು ಅಂತ ಅವತ್ತೇ ಅಂದುಕೊಂಡೆ.

ಹಾಗೆ ನೋಡಿದರೆ ನೀರಿಗಿಳಿಯೋದು ನಮಗೆ ಹೊಸದೇ? ಕುಷ್ಟಗಿ, ಯಲಬುರ್ಗಾ ಕಡೆ ಹೊಳೆ ಇಲ್ಲದಿದ್ದರೇನು, ಬಾವಿ ಇದ್ದವಲ್ಲ! ನಮ್ಮ ಕಾಕಾ ನನ್ನ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಕಲ್ಲುಬಾವಿಗೆ ದೂಡಿದವರು. ಕೊಡ ಬಿದ್ದು, ಪಾತಾಳಗರಡಿಗೂ ಸಿಗದಿದ್ದರೆ ಹುಡುಗರನ್ನೇ ಇಳಿಸೋರು. ದಮ್ಮು ಕಟ್ಟಿ ತಳ ಮುಟ್ಟಬೇಕು, ಕೈಯಾಡಿಸಬೇಕು, ಕೊಡದ ಕಂಠ ಸಿಕ್ಕಿದ್ದೇ ಮೇಲಕ್ಕೆ ಒದ್ದು ಬರಬೇಕು. ಕಣ್ಣಿಗೆ ಕಾಣ್ತಿದ್ದದ್ದು ಹಸಿರು ಮಬ್ಬು ಅಷ್ಟೇ.

ಕಡೆಗೂ ಗೆಳೆಯನ ಜೊತೆ ಮುರ್ಡೇಶ್ವರಕ್ಕೆ ಹೊರಟೆ. ಅಲ್ಲಿಂದ ಸಮುದ್ರದಲ್ಲಿ ಸುಮಾರು ಹತ್ತೊಂಬತ್ತು ಕಿಲೋಮೀಟರ್ ದೋಣಿ ಪಯಣ. ದಾರಿಯುದ್ದಕ್ಕೂ ಗೆಳೆಯ ಮಾತಾಡಲಿಲ್ಲ, ವಾಂತಿ ಮಾತ್ರ ಮಾಡಿದ. ನೇತ್ರಾಣಿಯಲ್ಲಿ ಕಲಿಸೋರು ಹೇಳಿದ ಮೊದಲ ಮಾತು: "ಉಸಿರು ಕಟ್ಟಬೇಡಿ!" ಬಾವಿಯ ವಿದ್ಯೆಗೆ ಪೂರಾ ಉಲ್ಟಾ! ಕಾರಣ ಇದೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತೆ. ಹತ್ತು ಮೀಟರ್ ಕೆಳಗೆ ಎಳೆದುಕೊಂಡ ಗಾಳಿಯನ್ನು ಎದೆಯಲ್ಲಿ ಬಿಗಿಹಿಡಿದು ಮೇಲೆದ್ದರೆ ಅದು ಎರಡರಷ್ಟು ಹಿಗ್ಗಲು ನೋಡುತ್ತೆ. ಪುಪ್ಪಸ ತಡೆಯೋದಿಲ್ಲ. ಅದಕ್ಕೇ ನಿಧಾನವಾಗಿ ಏಳಬೇಕು, ಉಸಿರಾಡ್ತಾನೇ ಇರಬೇಕು. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು.

ಇನ್ನೊಂದು ತಮಾಷೆ ಕೇಳಿ. ನೀರಿನಡಿಯಲ್ಲಿ ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತ ಅಲ್ಲ, 'ಮೇಲೆ ಹೋಗೋಣ' ಅಂತ! ನಮ್ಮ ಗೆಳೆಯ ಬಣ್ಣದ ಮೀನಿನ ಹಿಂಡು ಕಂಡ ಖುಷಿಗೆ ಹೀರೋ ಥರ ಹೆಬ್ಬೆರಳು ಎತ್ತಿದ. ಕಲಿಸೋರು ತಕ್ಷಣ ಅವನನ್ನು ಹಿಡಿದು ಮೇಲಕ್ಕೆ ಕರಕೊಂಡು ಹೋದರು. "ಇನ್ನೂ ಇಂಟರ್‌ವಲ್ಲೂ ಆಗಿರಲಿಲ್ಲೋ ಮಾರಾಯಾ!" ಅಂತ ಊರಿಗೆ ಬರೋವರೆಗೂ ಕೊರಗಿದ.

ನನಗೆ ಹುಚ್ಚು ಹಿಡಿಸಿದ್ದು ಕ್ಯಾಮೆರಾ. ನೀರು ಮೊದಲು ನುಂಗೋದು ಕೆಂಪು ಬಣ್ಣವನ್ನ. ಆಳಕ್ಕೆ ಹೋದಂತೆ ಕೆಂಪು ಕಂದಾಗುತ್ತೆ, ಕಡೆಗೆ ಕಪ್ಪೇ ಆಗುತ್ತೆ. ಜೊತೆಗೆ ದೀಪ ಒಯ್ದರೆ ಮಾತ್ರ ನಿಜವಾದ ಬಣ್ಣ. ಮುಖಕ್ಕೆ ಗಾಜು ಕಟ್ಟಿದ ಕಣ್ಣಿಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತೆ. ಗೇಣುದ್ದದ ಮೀನನ್ನು ಮೊಳದುದ್ದ ಅಂತ ಹೇಳೋರೆಲ್ಲ ಸುಳ್ಳರಲ್ಲ! ಈ ಉಸಿರಿನ ಯಂತ್ರವನ್ನು 1943ರಲ್ಲಿ ಮಾಡಿದ ಇಬ್ಬರಲ್ಲಿ ಒಬ್ಬರು ಫ್ರಾನ್ಸಿನ ಕುಸ್ಟೋ. ಅವರೇ ಲೂಯಿ ಮಾಲ್ ಜೊತೆ ಕಡಲೊಳಗೆ ತೆಗೆದ 'ದಿ ಸೈಲೆಂಟ್ ವರ್ಲ್ಡ್' 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಹೊಡೆಯಿತು. ಮೀನುಗಳೇ ಸ್ಟಾರ್‌ಗಳು!

ಊರಿಗೆ ಬಂದವನೇ ನೀರಿಗೆ ಹೆದರದ ಸಣ್ಣ ಕ್ಯಾಮೆರಾ ಒಂದನ್ನು ಕೊಂಡೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಬಾಡಿಗೆಗೆ ಸಿಲಿಂಡರ್ ಕೊಡೋರನ್ನು ನಾನು ಕಂಡಿಲ್ಲ. ದಮ್ಮು ಕಟ್ಟೋ ಹಳೇ ವಿದ್ಯೆಯೇ ಗತಿ. ತುಂಗಭದ್ರೆಯಲ್ಲಿ ಆಡೋ ಆಟ ಅಲ್ಲ ಇದು. ಮಳೆಗಾಲದ ಹೊಳೆ ಚಹಾ ಇದ್ದಂಗೆ. ಹೊಳೆ ಹೊತ್ತು ತಂದ ಹೂಳಿನಿಂದಲೇ ಮುನಿರಾಬಾದಿನ ಅಣೆಕಟ್ಟಿನ ಹೊಟ್ಟೆ 133 ಟಿ.ಎಂ.ಸಿ.ಯಿಂದ 105ರ ಆಸುಪಾಸಿಗೆ ಇಳಿದಿದೆ. ಅಂಥ ನೀರಿನಲ್ಲಿ ಲೆನ್ಸಿಗೆ ಏನು ಕಂಡೀತು? ನನ್ನ ಸ್ಟುಡಿಯೋ ಅಂದರೆ ಬೇಸಿಗೆಯ ಬಾವಿ. ಮಟಮಟ ಮಧ್ಯಾಹ್ನ ಬಿಸಿಲು ನೆಟ್ಟಗೆ ಇಳಿಯುತ್ತೆ, ಕಲ್ಲಿನ ಸಂದಿಯ ಏಡಿಯೂ ಖಳನಾಯಕನಂತೆ ಕಾಣುತ್ತೆ. ಮೇಲೆ ಹಗ್ಗ ಹಿಡಿದ ಇಬ್ಬರಿಲ್ಲದೆ ನಾನು ಇಳಿಯೋದಿಲ್ಲ.

ಹೊಳೆಯಲ್ಲಾದರೆ ದಂಡೆಯ ಮೇಲೇ ಕೂತು ಕಾಯ್ತೀನಿ, ನೀರುನಾಯಿಗಾಗಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ದೇಶಕ್ಕೇ ಮೊದಲನೆಯದು, ನಮ್ಮಲ್ಲಿ! ನಾಲ್ಕೈದು ಒಟ್ಟಿಗೆ ಮುಳುಗಿ, ಒಂದು ಮೀನು ಕಚ್ಚಿಕೊಂಡು ಏಳುತ್ತೆ ನೋಡಿ... ಅದಕ್ಕಿಂತ ಎಂಟ್ರಿ ಸೀನ್ ಬೇಕಾ?

ಇನ್ನು ಸಾಣಾಪುರದ ಮಾತು. ಗಂಗಾವತಿ ತಾಲ್ಲೂಕಿನ ಈ ಜಾಗಕ್ಕೆ ಜನ ಬರೋದು ಹರಿಗೋಲಿಗೆ, ಮತ್ತೆ ಬಂಡೆಯಿಂದ ಹಾರೋದಕ್ಕೆ. ಕ್ಯಾಮೆರಾ ಕಂಡರೆ ಮುಗೀತು. ಒಬ್ಬ ಹುಡುಗ ಬಂದ: "ಅಣ್ಣಾ, ನಂದೊಂದು ಜಂಪ್ ತಗೀರಿ. ಸ್ಲೋಮೋಷನ್ ಬರಬೇಕ್ರಿ!"

"ತಗಿಯಂಗಿಲ್ಲ ತಮ್ಮಾ," ಅಂದೆ.

"ಯಾಕ್ರಿ? ಹೀರೋಗಳು ಹಾರಂಗಿಲ್ಲೇನ್ರಿ?"

ಹಾರ್ತಾರೆ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್, ಉದಯ್ ಇಬ್ಬರೂ ಲೈಫ್ ಜಾಕೆಟ್ ಇಲ್ಲದೆ ಮುಳುಗಿಹೋದರು. ಆರಡಿ ಆಳುಗಳು, ಕಲ್ಲಿನಂಥ ಮೈ! ನೀರು ಮೈಕಟ್ಟು ನೋಡುತ್ತಾ? 2025ರ ಫೆಬ್ರವರಿಯಲ್ಲಿ ಇದೇ ಸಾಣಾಪುರದ ಹತ್ತಿರ, ಹೈದರಾಬಾದಿನಿಂದ ಬಂದಿದ್ದ ಎಳೇ ವಯಸ್ಸಿನ ವೈದ್ಯೆಯೊಬ್ಬರು ಬಂಡೆಯಿಂದ ಹೊಳೆಗೆ ಹಾರಿ ಸೆಳವಿನಲ್ಲಿ ಕೊಚ್ಚಿಹೋದರು. ಅವರ ಗೆಳೆಯರು ತೆಗೀತಿದ್ದ ವಿಡಿಯೋ ಎಷ್ಟು ಸಾವಿರ ಫೋನುಗಳಲ್ಲಿ ಓಡಿತೋ! ನೋಡಿದ ಮೇಲೂ ಹಾರೋರು ಹಾರ್ತಾನೇ ಇದಾರೆ. ನನಗೆ ಸಿಟ್ಟು ಬರೋದು ಅಲ್ಲೇ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಅವನು ಮುಖ ಸಪ್ಪಗೆ ಮಾಡಿಕೊಂಡ. ಚೀಲದಿಂದ ಮುಖದ ಗಾಜು ತೆಗೆದು ಕೊಟ್ಟೆ. ದಂಡೆಯಲ್ಲೇ, ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ, ಕಲ್ಲು ಹಿಡಿದು ಬೋರಲು ಮಲಗಿಸಿದೆ. ಎದ್ದ, ಉಸಿರೆಳೆದ, ಮತ್ತೆ ಮುಖ ಅದ್ದಿದ. ಹತ್ತು ಸಲ ಆಯ್ತು, ಹದಿನೈದು ಸಲ ಆಯ್ತು. ಬಂಡೆ ಮೇಲಿದ್ದ ಗೆಳೆಯರು ಕೂಗ್ತಾನೇ ಇದ್ದರು, "ಲೇ ಬಾರಲೇ, ಜಂಪ್ ಹೊಡಿಯೂಣು!"

ಇವನು ನೀರು ಸೋರೋ ಮುಖ ಎತ್ತಿ ನನ್ನ ಕಡೆ ತಿರುಗಿದ: "ಅಣ್ಣಾ, ಇಲ್ಲೊಂದು ಮೀನು ನನ್ನೇ ನೋಡಾಕತ್ತೈತ್ರೀ!"