ಕೊಳದ ಹಸಿವು

ನೀರಿಗೆ ಬೆಲೆಯುಂಟೆಂಬುದು ಬೆಂಗಳೂರಿನವರಿಗೆ ಹೊಸ ಮಾತಲ್ಲ. ಇದ್ದ ನೀರನ್ನು ಇದ್ದಲ್ಲೇ ಸುತ್ತಾಡಿಸುವುದಕ್ಕೂ ಬೆಲೆಯುಂಟೆಂಬುದನ್ನು ಮಾತ್ರ ಬಹುಮಹಡಿ ವಸತಿಗಳ ಸಂಸಾರಗಳು ಅರಿಯುವುದು ಕರೆಂಟಿನ ಬಿಲ್ಲು ಕೈಸೇರಿದ ಮೇಲೆಯೇ. ಈಜುಕೊಳದ ಬದಿಯ ಪುಟ್ಟ ಕೋಣೆಯಲ್ಲಿ ಗೊಣಗುವ ಪಂಪು ನೀರನ್ನು ಮರಳಿನ ಶೋಧಕದಲ್ಲಿ ಹಾಯಿಸಿ ಮರಳಿ ಕೊಳಕ್ಕೇ ಒಪ್ಪಿಸುತ್ತದೆ. 3 ಅಶ್ವಶಕ್ತಿಯ ಪಂಪಿಗೆ ಗಂಟೆಗೆ 2 ಯೂನಿಟ್ಟಿಗೂ ಮಿಕ್ಕ ಆಹಾರ ಬೇಕು. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 800 ಯೂನಿಟ್ಟಿಗೆ ಕಡಿಮೆಯಿಲ್ಲ. ಯೂನಿಟ್ಟಿಗೆ 7 ರೂಪಾಯಿಯೆಂದು ಹಿಡಿದರೆ 5,600 ರೂಪಾಯಿ! ಈಜುವವರು ಬೇಸಗೆ ರಜೆಯ ನಾಲ್ಕು ಮಕ್ಕಳು. ತೆರುವವರಲ್ಲಿ ಎಂದೂ ನೀರಿಗಿಳಿಯದ ಅಜ್ಜಿಯೂ ಸೇರಿದ್ದಾರೆ.

“ಪಂಪು ನಿಲ್ಲಿಸಿಬಿಡಿ ಸ್ವಾಮಿ” ಎಂಬ ಕೂಗು ಸಭೆಯಲ್ಲಿ ಏಳದೆ ಇರದು. ನಿಲ್ಲಿಸಿದರೆ ಕ್ಲೋರಿನ್ ಸಮನಾಗಿ ಬೆರೆಯದು. ಪಾಚಿಗಟ್ಟಿದ ನೀರಿನಿಂದ ಮಕ್ಕಳ ಕಣ್ಣು ಕಿವಿಗಳಿಗೆ ಸೋಂಕು ತಗಲಿದರೆ ಉಳಿಸಿದ ಹಣ ವೈದ್ಯರ ಪಾಲು.

ಉಪಾಯವಿರುವುದು ನಿಧಾನದಲ್ಲಿ. ವೇಗ ಬದಲಿಸಬಲ್ಲ ಪಂಪನ್ನು ಅರ್ಧವೇಗಕ್ಕಿಳಿಸಿದರೆ ನೀರಿನ ಹರಿವು ಅರ್ಧವಾಗುತ್ತದೆ. ಬೇಕಾಗುವ ಶಕ್ತಿಯೋ, ಶಾಸ್ತ್ರದ ಲೆಕ್ಕಕ್ಕೆ, ಎಂಟರಲ್ಲೊಂದು ಪಾಲು. ಹಗಲಿರುಳೂ ಓಡಿಸಿ ಹಿಂದಿನಷ್ಟೇ ನೀರನ್ನು ಶೋಧಿಸಿದರೂ ತಿಂಗಳಿಗೆ 200 ಯೂನಿಟ್ಟು, 1,400 ರೂಪಾಯಿ. ಮೋಟಾರಿನ ನಷ್ಟವನ್ನು ಸೇರಿಸಿದರೆ ಕೊಂಚ ಹೆಚ್ಚಾದೀತು. ಇಷ್ಟು ಸರಳವಾದ ಗಣಿತವನ್ನು ಕೊಳ ಕಟ್ಟುವಾಗಲೇ ಯಾರೂ ಮಾಡಲಿಲ್ಲವೇಕೆ?

ಹೊಸ ಪಂಪಿನ ಬೆಲೆ ಕೇಳಿದೊಡನೆ ಸಭೆ ಮೌನ ತಾಳುತ್ತದೆ. ಖಜಾಂಚಿಗಳು ಕಾಗದದ ಮೇಲೆ ಮತ್ತೊಮ್ಮೆ ಭಾಗಿಸುತ್ತಾರೆ. ಹೊರಗೆ ಹಳೆಯ ಪಂಪು ಗೊಣಗುತ್ತಲೇ ಇರುತ್ತದೆ.