ಎಸ್.ಪಿ. ರಸ್ತೆಯಲ್ಲೊಂದು ನಾಡಿ ಪರೀಕ್ಷೆ

ಬೆಳಿಗ್ಗೆ ಹನ್ನೊಂದರ ಹೊತ್ತು. ಬೆಂಗಳೂರಿನ ಟೌನ್‌ಹಾಲ್ ಬಳಿ ಆಟೊದಿಂದ ಇಳಿದ ಮಂಡ್ಯದ ಮೇಷ್ಟ್ರೊಬ್ಬರ ಕೈಯಲ್ಲಿ ಹಳೆಯ ಜಮಖಾನ ಸುತ್ತಿದ ಭಾರವಾದ ಗಂಟು. ಹಿಂದೆಯೇ ಅವರ ಮಗಳು. ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಗಂಟಿನೊಳಗಿರುವುದು ಮನೆಯ ಕಂಪ್ಯೂಟರಿನ ಪೆಟ್ಟಿಗೆ. ಅದರೊಳಗೆ ಎಲ್ಲೋ ಆಕೆಯ ಆರು ತಿಂಗಳ ಪ್ರಾಜೆಕ್ಟ್ ವರದಿ. ಒಪ್ಪಿಸಲು ಉಳಿದಿರುವುದು ನಾಲ್ಕೇ ದಿನ. ಕಂಪ್ಯೂಟರೋ ಶುರುವಾಗುತ್ತಿಲ್ಲ!

'ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ. ಇಲ್ಲವೇ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಬೇಕು' ಎಂದು ಊರಿನಲ್ಲಿ ಯಾರೋ ಹೇಳಿದ್ದಾರೆ. ಅಷ್ಟಕ್ಕೇ ಒಪ್ಪಿಕೊಳ್ಳಲು ಮಗಳಿಗೆ ಮನಸ್ಸಿಲ್ಲ. ಹೊಸದಕ್ಕೆ ಹಣ ಹೊಂದಿಸಲು ತಂದೆಗೆ ಈ ತಿಂಗಳು ಸಾಧ್ಯವಿಲ್ಲ. ಹಾಗಾಗಿ ಇಬ್ಬರೂ ಬೆಳಗಿನ ರೈಲು ಹತ್ತಿ ಬಂದಿರುವುದು ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಎಲ್ಲರ ಬಾಯಲ್ಲಿ 'ಎಸ್.ಪಿ. ರಸ್ತೆ'ಗೆ.

ಪೇಟೆಯೊಳಗಿನ ಪೇಟೆ

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಹಳೆಯ ಪೇಟೆಯ ಭಾಗ ಇದು. ಕಸುಬಿಗೊಂದು, ಕುಲಕ್ಕೊಂದು ಬೀದಿ ಎಂಬ ಅಂದಿನ ಲೆಕ್ಕಾಚಾರ ಸುತ್ತಮುತ್ತಲಿನ ಹೆಸರುಗಳಲ್ಲಿ ಇನ್ನೂ ಉಳಿದಿದೆ: ಕುಂಬಾರಪೇಟೆ, ತಿಗಳರಪೇಟೆ, ನಗರ್ತಪೇಟೆ. ಕೂಗಳತೆಯಲ್ಲಿ ಧರ್ಮರಾಯನ ಗುಡಿ. ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಅಲ್ಲಿಂದಲೇ. ಮಗ್ಗದ ಸದ್ದಿಗೆ ಹೆಸರಾಗಿದ್ದ ಕಬ್ಬನ್‌ಪೇಟೆಯೂ ದೂರವಿಲ್ಲ. ಈ ಹಳೆಯ ಕಸುಬುಗಳ ನಡುವೆ ಹೊಸ ಕಾಲದ ಕಸುಬೊಂದು ಬಂದು ಕುಳಿತ ಬೀದಿಯೇ ಎಸ್.ಪಿ. ರಸ್ತೆ.

ಎರಡು ಎತ್ತಿನಗಾಡಿ ಎದುರಾದರೆ ಉಸಿರು ಬಿಗಿಹಿಡಿಯಬೇಕಾದಂಥ ರಸ್ತೆ. ಇಕ್ಕೆಲಗಳಲ್ಲೂ ಅಂಗಡಿ. ಅಂಗಡಿಯ ಮೇಲೆ ಅಂಗಡಿ, ಅದರ ಪಕ್ಕದ ಕತ್ತಲೆ ಮೆಟ್ಟಿಲೇರಿದರೆ ಮತ್ತೊಂದು ಅಂಗಡಿ. ಕೇಬಲ್ಲು, ಕೀಬೋರ್ಡು, ಸಿಸಿ ಟಿವಿ ಕ್ಯಾಮೆರಾ, ಪ್ರಿಂಟರಿನ ಶಾಯಿ, ಎಲ್ಲವೂ ಬಾಗಿಲ ಹೊರಗೆ ಬಾಳೆಗೊನೆಯಂತೆ ತೂಗುತ್ತಿರುತ್ತವೆ. ಹತ್ತು ಹೆಜ್ಜೆಗೊಬ್ಬ ಹುಡುಗ 'ಏನ್ ಬೇಕು ಸಾರ್? ಲ್ಯಾಪ್‌ಟಾಪಾ, ಮಾನಿಟರಾ?' ಎಂದು ದಾರಿಗಡ್ಡ ನಿಲ್ಲುತ್ತಾನೆ. ಕನ್ನಡ, ತಮಿಳು, ಉರ್ದು, ಹಿಂದಿ, ಮಾರ್ವಾಡಿ ಎಲ್ಲವೂ ಒಂದೇ ವಾಕ್ಯದಲ್ಲಿ ಕಿವಿಗೆ ಬೀಳಬಹುದು.

ಬೆಂಗಳೂರಿಗೆ ವಿದ್ಯುತ್ ಬಂದದ್ದು 1905ರಲ್ಲಿ, ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ. ಅದೇ ಮಂಡ್ಯದಿಂದ ಇಂದು ಕರೆಂಟು ಕೊಟ್ಟರೂ ಏಳದ ಪೆಟ್ಟಿಗೆಯೊಂದು ಈ ಬೀದಿಗೆ ಬಂದಿದೆ.

ವೈದ್ಯರ ಪ್ರಶ್ನೆ

ಮೊದಲ ಮಹಡಿಯ ಪುಟ್ಟ ಕೋಣೆ. ಮೇಜಿನ ಮೇಲೆ ಸ್ಕ್ರೂ ಡ್ರೈವರ್, ಬಣ್ಣ ಬಳಿಯುವ ಬ್ರಷ್, ಮಲ್ಟಿಮೀಟರ್, ಶಾಲಾ ಮಕ್ಕಳ ರಬ್ಬರ್ ಮತ್ತು ಅರ್ಧ ಕುಡಿದ ಚಹಾ. ಐವತ್ತು ದಾಟಿದ ರಿಪೇರಿಯವರು ಗಂಟು ಬಿಚ್ಚುವ ಮೊದಲೇ ಕೇಳುತ್ತಾರೆ:

'ಲೈಟು ಹತ್ತುತ್ತಾ? ಫ್ಯಾನು ತಿರುಗುತ್ತಾ? ಪರದೆ ಮೇಲೆ ಕೊನೇದಾಗಿ ಏನು ಕಾಣಿಸ್ತಮ್ಮಾ?'

'ಎಲ್ಲಾ ಆಗುತ್ತೆ ಸಾರ್. ಕಂಪನಿ ಹೆಸರು ಬಂದು ಹೋಗುತ್ತೆ. ಆಮೇಲೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ. ಫೋಟೊ ತೆಗೆದಿದ್ದೀನಿ' ಎಂದು ಹುಡುಗಿ ಮೊಬೈಲ್ ಚಾಚುತ್ತಾಳೆ. ಶುರು ಮಾಡಲು ಬೇಕಾದ ಡಿಸ್ಕ್ ಸಿಗುತ್ತಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಅದರಲ್ಲಿದೆ.

'ಶಭಾಷ್! ಅರ್ಧ ಕೆಲಸ ನೀನೇ ಮಾಡಿದೀಯ' ಎಂದು ಅವರು ತಲೆದೂಗುತ್ತಾರೆ. ಮೇಷ್ಟ್ರ ಕಡೆ ತಿರುಗಿ, 'ಯಜಮಾನ್ರೇ, ನೀವು ಮೈಸೂರು ರೈಲಲ್ಲೇ ತಾನೇ ಬಂದಿದ್ದು? ಇದೂ ಹಾಗೇ ಒಂದು ರೈಲು. ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಸಾಕು' ಎನ್ನುತ್ತಾರೆ.

ಯಾವ ಸ್ಟೇಷನ್ನಿನಲ್ಲಿ ನಿಂತಿತು?

ಉಪಮೆ ಸರಿಯಾಗಿಯೇ ಇದೆ. ಕಂಪ್ಯೂಟರ್ ಶುರುವಾಗುವುದಕ್ಕೆ 'ಬೂಟ್' ಎನ್ನುತ್ತಾರಲ್ಲ, ಅದು ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದ ಬಂದ ಪದ. ಗುಂಡಿ ಒತ್ತಿದ ಕ್ಷಣ ಯಂತ್ರಕ್ಕೆ ಏನೂ ಗೊತ್ತಿರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಎಚ್ಚರಗೊಳ್ಳುತ್ತದೆ. ಬೆಂಗಳೂರು ಬಿಟ್ಟ ರೈಲು ಕೆಂಗೇರಿ, ರಾಮನಗರ, ಮದ್ದೂರು, ಮಂಡ್ಯ ದಾಟಿ ಮೈಸೂರು ಸೇರುವಂತೆ.

ಕೆಂಗೇರಿ ಎಂದರೆ ವಿದ್ಯುತ್ತು. ಪೆಟ್ಟಿಗೆಯ ಹಿಂಬದಿಯ ಎಸ್‌ಎಂಪಿಎಸ್ ಎಂಬ ಭಾಗ ಗೋಡೆಯ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿ ಹಂಚುತ್ತದೆ. ದೀಪವೂ ಇಲ್ಲ, ಫ್ಯಾನೂ ಇಲ್ಲ ಎಂದರೆ ರೈಲು ಇನ್ನೂ ಇಲ್ಲೇ ಇದೆ. ಗೋಡೆಯ ಪ್ಲಗ್ಗಿಗೆ ಬೇರೆ ದೀಪ ಹಾಕಿ ನೋಡಬೇಕು, ಕೇಬಲ್ ಬದಲಿಸಬೇಕು, ಎಸ್‌ಎಂಪಿಎಸ್‌ನ ಮೇಲೆಯೇ ಇರುವ ಚಿಕ್ಕ ಸ್ವಿಚ್ ಯಾರಾದರೂ ಆರಿಸಿದ್ದಾರೆಯೇ ಎಂದು ಗಮನಿಸಬೇಕು. ಕಸ ಗುಡಿಸುವಾಗ ಕೈ ತಗುಲಿ ಆರಿದ ಆ ಸ್ವಿಚ್ಚಿಗಾಗಿ ಇಡೀ ಪೆಟ್ಟಿಗೆ ಹೊತ್ತು ತರುವವರೂ ಉಂಟು! ಆದರೆ ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ರಾಮನಗರ ಎಂದರೆ ಆತ್ಮಪರೀಕ್ಷೆ. ಮದರ್‌ಬೋರ್ಡ್ ತನ್ನ ಪ್ರೊಸೆಸರ್, ರ‍್ಯಾಮ್, ಪರದೆಯ ಸಂಪರ್ಕ ಎಲ್ಲವನ್ನೂ ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. 1981ರ ಐಬಿಎಂ ಪಿಸಿಯಿಂದ ಬಂದ ಪದ್ಧತಿ ಇದು. ತೊಂದರೆ ಕಂಡರೆ ಹಲವು ಬೋರ್ಡುಗಳು 'ಬೀಪ್' ಎಂದು ಕೂಗುತ್ತವೆ, ಕೆಲವು ಕೆಂಪು ದೀಪ ಹೊತ್ತಿಸುತ್ತವೆ. ಎಷ್ಟು ಸಲ ಕೂಗಿದರೆ ಏನರ್ಥ ಎಂಬುದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಅದರ ಕೈಪಿಡಿಯಲ್ಲಿ ಪಟ್ಟಿ ಇರುತ್ತದೆ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಮೊದಲ ಅನುಮಾನ ಮಾನಿಟರ್ ಕೇಬಲ್ಲಿನ ಮೇಲೆ, ಎರಡನೆಯದು ರ‍್ಯಾಮ್ ಮೇಲೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ ಕಳೆದುಕೊಂಡು, ರ‍್ಯಾಮ್ ಪಟ್ಟಿ ತೆಗೆದು, ಅದರ ಹಳದಿ ಅಂಚನ್ನು ರಬ್ಬರಿನಿಂದ ಹಗುರವಾಗಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಮೇಜಿನ ಮೇಲಿನ ಶಾಲಾ ರಬ್ಬರಿನ ಗುಟ್ಟು ಇದೇ.

ಮದ್ದೂರು ಎಂದರೆ ಡಿಸ್ಕಿನ ಹುಡುಕಾಟ. ವಿಂಡೋಸ್ ಎಲ್ಲಿದೆ ಎಂದು ಯಂತ್ರ ಒಂದು ಕ್ರಮದಲ್ಲಿ ಹುಡುಕುತ್ತದೆ. ಹಿಂದೆ ಫ್ಲಾಪಿಯೊಂದನ್ನು ಒಳಗೇ ಮರೆತಿದ್ದರೆ ಅದರಲ್ಲಿ ಹುಡುಕಿ 'ಇದು ಸಿಸ್ಟಂ ಡಿಸ್ಕ್ ಅಲ್ಲ' ಎಂದು ಮುಷ್ಕರ ಹೂಡುತ್ತಿತ್ತು. ಈಗ ಆ ಜಾಗದಲ್ಲಿ ಮರೆತ ಪೆನ್‌ಡ್ರೈವ್ ಇರುತ್ತದೆ.

ಮಂಡ್ಯ ಎಂದರೆ ವಿಂಡೋಸ್ ತಾನೇ ಎದ್ದೇಳುವ ಹಂತ. ಲಾಂಛನ ಬಂದು ಚುಕ್ಕಿಗಳು ಸುತ್ತುತ್ತಲೇ ಉಳಿದರೆ, ನೀಲಿ ಪರದೆ ಬಂದರೆ, ಬಹುಮಟ್ಟಿಗೆ ದೋಷ ಸಾಫ್ಟ್‌ವೇರಿನದು, ಕೆಲವೊಮ್ಮೆ ಸವೆದ ಡಿಸ್ಕಿನದು. ಆಗ ಸೇಫ್ ಮೋಡ್‌ನಲ್ಲಿ ಶುರು ಮಾಡಿ, ಇತ್ತೀಚೆಗೆ ಹಾಕಿದ್ದನ್ನು ತೆಗೆಯಬೇಕು. 2024ರ ಜುಲೈ 19ರಂದು ಒಂದು ಭದ್ರತಾ ಸಾಫ್ಟ್‌ವೇರಿನ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಈ ಹಂತದಲ್ಲೇ ಮುಗ್ಗರಿಸಿದವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಪರಿಹಾರವೂ ಇದೇ ಆಗಿತ್ತು: ಸೇಫ್ ಮೋಡ್‌ಗೆ ಹೋಗಿ ತೊಂದರೆ ಕೊಟ್ಟ ಆ ಒಂದು ಫೈಲನ್ನು ಅಳಿಸುವುದು.

ಮದ್ದೂರಿನಲ್ಲಿ ನಿಂತ ರೈಲಿಗಾಗಿ ಕೆಂಗೇರಿಯಲ್ಲಿ ಹಳಿ ಅಗೆಯುವವರಿಲ್ಲ. ಆದರೆ ಕಂಪ್ಯೂಟರ್ ಕೆಟ್ಟಾಗ ಜನ ಮಾಡುವುದು ಅದನ್ನೇ.

ತೊಟ್ಟಿಲಿಗಿಂತ ಮಗು ಮೊದಲು

ಹುಡುಗಿಯ ರೈಲು ನಿಂತಿರುವುದು ಮದ್ದೂರಿನಲ್ಲಿ. ಆದರೆ ರಿಪೇರಿಯವರು ತಕ್ಷಣ ರಿಪೇರಿಗೆ ಇಳಿಯುವುದಿಲ್ಲ. ಪೆಟ್ಟಿಗೆ ಬಿಚ್ಚಿ, ಧೂಳು ಕೊಡವಿ, ಒಳಗಿನ ಎರಡೂ ಡಿಸ್ಕುಗಳನ್ನು ಹೊರತೆಗೆದು ತಮ್ಮ ಕಂಪ್ಯೂಟರಿಗೆ ಜೋಡಿಸುತ್ತಾರೆ.

'ಮೊದಲು ಮಗೂನ ಎತ್ಕೊಳ್ಳೋಣ. ತೊಟ್ಟಿಲು ಆಮೇಲೆ ರಿಪೇರಿ ಆಗುತ್ತೆ.'

ಪರದೆಯ ಮೇಲೆ ಫೋಲ್ಡರುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಪ್ರಾಜೆಕ್ಟ್ ಇದೆ! ಅಜ್ಜಿಯ ಎಂಬತ್ತರ ಹುಟ್ಟುಹಬ್ಬದ ಫೋಟೊಗಳೂ ಇವೆ. ಡಿಸ್ಕ್ ಹೋಗಿಲ್ಲ. ಎಲ್ಲವೂ ಪೆನ್‌ಡ್ರೈವಿಗೆ ಇಳಿಯುವವರೆಗೆ ಮೇಷ್ಟ್ರು ಕುಳಿತ ಜಾಗದಿಂದ ಅಲುಗಾಡುವುದಿಲ್ಲ.

ಹಾಗಾದರೆ ದೋಷ ಎಲ್ಲಿ? ಡಿಸ್ಕುಗಳನ್ನು ಮರಳಿ ಕೂರಿಸಿ, ಯಂತ್ರ ಶುರುವಾಗುವಾಗ ಒಂದು ಕೀಲಿ ಒತ್ತಿ ಬಯೋಸ್ ಎಂಬ ಒಳಕೋಣೆಗೆ ಹೋಗುತ್ತಾರೆ. ಅಲ್ಲಿ ಎರಡೂ ಡಿಸ್ಕುಗಳ ಹೆಸರು ಕಾಣುತ್ತದೆ. ಮೂಲೆಯಲ್ಲಿ ತಾರೀಖೂ ಇದೆ.

'ಇವತ್ತು ಎಷ್ಟನೇ ತಾರೀಖಮ್ಮಾ? ಇದರ ಲೆಕ್ಕದಲ್ಲಿ ಇನ್ನೂ 2017ರ ಜನವರಿ 1. ನೀನಿನ್ನೂ ಹೈಸ್ಕೂಲಲ್ಲೇ ಇದೀಯ ನೋಡು!'

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದಕ್ಕೇ 'ಸಿಆರ್ 2032' ಎಂಬ ಹೆಸರು. ಗೋಡೆಯ ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು, ಹಲವು ಯಂತ್ರಗಳಲ್ಲಿ ಬಯೋಸ್‌ನ ಆಯ್ಕೆಗಳನ್ನು ನೆನಪಿಡುವುದು ಅದರ ಕೆಲಸ. ಮಲ್ಟಿಮೀಟರ್ ಹಿಡಿದರೆ 3 ವೋಲ್ಟ್ ತೋರಬೇಕಾದದ್ದು 2ರ ಬಳಿಯೇ ನಿಂತಿದೆ.

'ಇತ್ತೀಚೆಗೆ ಪ್ಲಗ್ ಕಿತ್ತು ಬಹಳ ದಿನ ಇಟ್ಟಿದ್ರಾ?'

ಮೇಷ್ಟ್ರಿಗೆ ಥಟ್ಟನೆ ನೆನಪಾಗುತ್ತದೆ. ಊರಹಬ್ಬಕ್ಕೆಂದು ಒಂದು ವಾರ ಮನೆ ಬೀಗ ಹಾಕಿ ಹೋಗುವಾಗ, ಸಿಡಿಲಿನ ಭಯಕ್ಕೆ ಪ್ಲಗ್ ಕಿತ್ತಿಟ್ಟವರು ಅವರೇ. ಅದು ಒಳ್ಳೆಯ ಅಭ್ಯಾಸವೇ. ಆದರೆ ಕರೆಂಟಿನ ಆಸರೆ ತಪ್ಪಿದ ಕೂಡಲೇ ಸೋತ ಸೆಲ್ ಕೈಬಿಟ್ಟಿತು, ಯಂತ್ರ ತನ್ನ ಆಯ್ಕೆಗಳನ್ನು ಮರೆಯಿತು. ವಿಂಡೋಸ್ ಇರುವ ಡಿಸ್ಕಿನ ಬದಲು ಬರೀ ಕಡತಗಳಿರುವ ಇನ್ನೊಂದು ಡಿಸ್ಕಿನಲ್ಲಿ ಹುಡುಕತೊಡಗಿತು. ಹೊಸ ಸೆಲ್ ಕೂರಿಸಿ, ತಾರೀಖು ತಿದ್ದಿ, ಡಿಸ್ಕುಗಳ ಕ್ರಮ ಬದಲಿಸುತ್ತಾರೆ. ಅರ್ಧ ನಿಮಿಷದಲ್ಲಿ ಹುಡುಗಿಯ ಪರಿಚಿತ ಪರದೆ!

ಸೆಲ್ಲಿನ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ಅದರ ಮೇಲೆ ಅವರು ಕೇಳಿದ ಕೂಲಿಯನ್ನು ಮೇಷ್ಟ್ರು ಚೌಕಾಸಿ ಇಲ್ಲದೆ ಕೊಡುತ್ತಾರೆ.

ಎಲ್ಲರ ಅದೃಷ್ಟ ಒಂದೇ ಅಲ್ಲ

ಅವರು ಗಂಟು ಕಟ್ಟುವಷ್ಟರಲ್ಲಿ ಇನ್ನೊಬ್ಬರು ಬಂದು ನಿಂತಿರುತ್ತಾರೆ. ಅವರ ಹಾರ್ಡ್ ಡಿಸ್ಕ್ 'ಟಿಕ್, ಟಿಕ್' ಎನ್ನುತ್ತಿದೆ. ಅಂಥ ಸದ್ದು ಬಂದ ಕೂಡಲೇ ಆರಿಸಬೇಕಿತ್ತು. ಅವರು ಎರಡು ದಿನ ಮತ್ತೆ ಮತ್ತೆ ಹಾಕಿ ನೋಡಿದ್ದಾರೆ. ಒಳಗಿನ ತಟ್ಟೆ ಗೀಚಿಹೋಗಿದ್ದರೆ ಅದರಲ್ಲಿದ್ದ ಮದುವೆಯ ಫೋಟೊಗಳನ್ನು ಯಾವ ಅಂಗಡಿಯೂ ಮರಳಿ ಕೊಡಲಾರದು. 'ಬೇರೆ ಎಲ್ಲಾದರೂ ಕಾಪಿ ಇತ್ತಾ ಸಾರ್?' ಎಂಬ ಪ್ರಶ್ನೆಗೆ ಅವರು ತಲೆಯಾಡಿಸುತ್ತಾರೆ. ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ.

ಆ ಮೌನವೇ ಮೇಷ್ಟ್ರ ಮಗಳಿಗೆ ಪಾಠವಾಗಿರಬೇಕು. ಇಳಿಯುವ ಮೊದಲು ಇನ್ನೊಂದು ಪೆನ್‌ಡ್ರೈವ್ ಕೊಳ್ಳುತ್ತಾಳೆ. ಒಂದು ಪ್ರತಿ ಯಂತ್ರದಲ್ಲಿ, ಒಂದು ಮನೆಯ ಬೀರುವಿನಲ್ಲಿ, ಒಂದು ಬೇರೆ ಊರಿನ ಹಾಸ್ಟೆಲ್ ಕೋಣೆಯಲ್ಲಿ. ರಿಪೇರಿಯವರು ಇನ್ನೊಂದು ಮಾತು ಸೇರಿಸುತ್ತಾರೆ: ಈಚಿನ ಹಲವು ವಿಂಡೋಸ್ ಯಂತ್ರಗಳು ಡಿಸ್ಕಿಗೆ ತಾವೇ ಬೀಗ ಹಾಕಿಕೊಂಡಿರುತ್ತವೆ. ಅಂಥ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಹುಡುಕಿ ಡೈರಿಯಲ್ಲಿ ಬರೆದಿಡಬೇಕು.

ಹೋಗುವವರಿಗೆ

ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣಕ್ಕೆ ಬಂದರೆ ಅಲ್ಲಿಂದ ನಡಿಗೆಯ ದಾರಿ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ. ಬಿಡಿಭಾಗ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಬೇಕು, ರಸೀದಿ ಬರೆಸಿಕೊಳ್ಳಬೇಕು. 'ಫಾರ್ಮ್ಯಾಟ್' ಎಂಬ ಮಾತು ಕಿವಿಗೆ ಬಿದ್ದರೆ 'ಮೊದಲು ಕಾಪಿ' ಎಂದು ಹೇಳಬೇಕು. ಎಲ್ಲಕ್ಕಿಂತ ಮೊದಲು, ಪರದೆಯ ಮೇಲೆ ಕೊನೆಗೆ ಕಂಡದ್ದರ ಒಂದು ಫೋಟೊ ಜೇಬಿನಲ್ಲಿರಬೇಕು. ಅದಿದ್ದರೆ ಕೆಲವೊಮ್ಮೆ ಬೆಂಗಳೂರಿಗೆ ಬರುವ ಪ್ರಮೇಯವೇ ಇರುವುದಿಲ್ಲ.

ಸಂಜೆಯ ರೈಲು ಮದ್ದೂರು ದಾಟುವಾಗ ಮೇಷ್ಟ್ರು ಬಿಸಿ ಮದ್ದೂರು ವಡೆ ಕೊಂಡು ಮಗಳ ಕೈಗಿಡುತ್ತಾರೆ. ಪೆಟ್ಟಿಗೆ ಸೀಟಿನ ಕೆಳಗಿದೆ. ಪೆನ್‌ಡ್ರೈವ್ ಮಾತ್ರ ಹುಡುಗಿಯ ಮುಷ್ಟಿಯಲ್ಲಿದೆ.